ಪಿಂಪು ದೊಡ್ಡದಿದ್ದರೆ ಸಾಕೆ?

ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: “ರವಿವಾರ ಮುಂಬೈಯ ಪ್ರಾಣಿಸಂಗ್ರಹಾಲಯ ರಾಣಿ ಬಾಗಿಗೆ ಹೋಗಿದ್ದೆವು. ಪೆಂಗ್ವಿನ್ ಮುಳುಗಿದ್ದನ್ನು ನೋಡಿ ಮಗ ‘ಅದಕ್ಕೆ ಉಸಿರು ಎಲ್ಲಿಂದ?’ ಅಂದ. ನಮ್ಮ ಯಜಮಾನರು ‘ಹೊಟ್ಟೆ ತುಂಬ ಗಾಳಿ ತುಂಬ್ಕೊಂಡು ಹೋಗುತ್ತೆ’ ಅಂದರು. ನಾನು ‘ಇಲ್ಲ, ಇರೋದನ್ನೇ ಹಿಡಿದು ಖರ್ಚು ಮಾಡುತ್ತೆ’ ಅಂದೆ. ಲೋಕಲ್ ಇಳಿಯುವವರೆಗೂ ವಾದ ಮುಗಿಯಲಿಲ್ಲ. ಮಗ ಈಗ ಈಜುಕೊಳದಲ್ಲಿ ಉಸಿರು ಹಿಡಿಯುವ ಅಭ್ಯಾಸ ಶುರು ಮಾಡಿದ್ದಾನೆ. ಯಾರು ಸರಿ?”

ನೀವೇ ಸರಿ ತಾಯಿ. ಯಜಮಾನರ ಮಾತಿನಲ್ಲೂ ಸತ್ಯ ಇದೆ, ಅದನ್ನು ಮೊದಲು ಹೇಳಿಬಿಡುತ್ತೇನೆ. ಪೆಂಗ್ವಿನ್ ಗಾಳಿ ಎಳೆದುಕೊಂಡೇ ಮುಳುಗುತ್ತದೆ. ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಅದಕ್ಕಿವೆ. ಆದರೆ ಒಟ್ಟು ಆಮ್ಲಜನಕದಲ್ಲಿ ಅಲ್ಲಿರುವುದು ಒಂದು ಪಾಲು ಮಾತ್ರ. ಉಳಿದದ್ದು ರಕ್ತದಲ್ಲಿ, ಸ್ನಾಯುಗಳಲ್ಲಿ. ಸ್ನಾಯುವಿನಲ್ಲಿ ಮಯೋಗ್ಲೋಬಿನ್ ಅನ್ನುವ ಕೆಂಪು ವಸ್ತು ಅದನ್ನು ಕೂಡಿಡುತ್ತದೆ.

ಆದರೆ ಕೂಡಿಟ್ಟಿದ್ದು ಎಷ್ಟು ಹೊತ್ತು ಬರುತ್ತದೆ? ಅಂಟಾರ್ಕ್ಟಿಕಾದ ಎಂಪರರ್ ಪೆಂಗ್ವಿನ್ ಐದಾರು ನಿಮಿಷ ದಾಟಿದರೆ ಆಮ್ಲಜನಕ ಸಾಲದೆ ಅದರ ಮೈಯಲ್ಲಿ ಲ್ಯಾಕ್ಟಿಕ್ ಆಮ್ಲ ಏರತೊಡಗುತ್ತದೆ. ಆದರೂ ಅದು 500 ಮೀಟರಿಗಿಂತ ಆಳಕ್ಕೆ ಇಳಿದದ್ದು ದಾಖಲಾಗಿದೆ, 32 ನಿಮಿಷ ಮುಳುಗಿದ್ದೂ ದಾಖಲಾಗಿದೆ. ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಜೆರಾಲ್ಡ್ ಕೂಯ್‌ಮನ್, ಪಾಲ್ ಪೊಂಗಾನಿಸ್ ಮತ್ತು ಅವರ ಸಂಗಡಿಗರು ಮೆಕ್‌ಮರ್ಡೋ ಕೊಲ್ಲಿಯ ಹಿಮದಲ್ಲಿ ತೂತು ಕೊರೆದರು. ಹತ್ತಿರದಲ್ಲಿ ಬೇರೆ ತೂತೇ ಇಲ್ಲ. ಮುಳುಗಿದ ಹಕ್ಕಿ ಅಲ್ಲಿಗೇ ಮರಳಬೇಕು. ಬೆನ್ನಿಗೆ ಕಟ್ಟಿದ ಪುಟ್ಟ ಯಂತ್ರ ಲೆಕ್ಕ ಬರೆಯುತ್ತಿತ್ತು.

ಆ ಲೆಕ್ಕ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಸುಮ್ಮನೆ ನಿಂತಾಗ ನಿಮಿಷಕ್ಕೆ ಎಪ್ಪತ್ತರ ಆಸುಪಾಸು ಬಡಿಯುವ ಹೃದಯ, 18 ನಿಮಿಷದ ಒಂದು ಮುಳುಗಿನಲ್ಲಿ ಐದು ನಿಮಿಷಕ್ಕೂ ಜಾಸ್ತಿ ಹೊತ್ತು ನಿಮಿಷಕ್ಕೆ ಆರೇ ಸಲ ಬಡಿದಿತ್ತು. ಹತ್ತು ಸೆಕೆಂಡಿಗೆ ಒಂದು ಬಡಿತ! ಆಗ ಸ್ನಾಯುಗಳಿಗೆ ಹೋಗುವ ರಕ್ತವೂ ಬಹುಪಾಲು ನಿಲ್ಲುತ್ತದೆ. ನಿಮ್ಮಲ್ಲಿ ಇದ್ದುದರಲ್ಲೇ ನಡೆಸಿಕೊಳ್ಳಿ ಅಂತ ಅವಕ್ಕೆ ಹೇಳಿಬಿಟ್ಟ ಹಾಗೆ. ರಕ್ತದಲ್ಲಿರುವುದು ಹೃದಯಕ್ಕೆ, ಮಿದುಳಿಗೆ.

ಇದನ್ನು ಓದುವಾಗ ನನಗೆ ನೆನಪಾದದ್ದು ಪರೇಲಿನ ಚಾಳಿನಲ್ಲಿದ್ದ ನಮ್ಮಮ್ಮ. ಬೆಳಗಿನ ನಾಲ್ಕೂವರೆಗೆ ನಳ ಬರುತ್ತಿತ್ತು, ಮುಕ್ಕಾಲು ಗಂಟೆ. ನೀರು ತುಂಬಿಡುವ ದೊಡ್ಡ ಪೀಪಾಯಿಗೆ ನಾವು ಪಿಂಪು ಅನ್ನುತ್ತಿದ್ದೆವು. ಪಕ್ಕದ ಮನೆಯಲ್ಲಿ ಎರಡು ಪಿಂಪು, ನಮ್ಮಲ್ಲಿ ಒಂದೇ. ಅಕ್ಕಿ ತೊಳೆದ ನೀರು ತುಳಸಿಗೆ. ಪಾತ್ರೆ ತೊಳೆದ ಎರಡನೇ ನೀರು ಮೋರಿ ತೊಳೆಯಲು. ಮಧ್ಯಾಹ್ನ ಆದಮೇಲೆ ಪಿಂಪಿನ ಮುಚ್ಚಳದ ಮೇಲೆ ಚೊಂಬು ಬೋರಲು ಹಾಕಿಡುತ್ತಿದ್ದರು. ಇನ್ನು ಕುಡಿಯಲು, ಅಡುಗೆಗೆ ಮಾತ್ರ ಅಂತ ಅರ್ಥ. ಆಟ ಮುಗಿಸಿ ಬಂದವರು ಕೈಕಾಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬೇಕಿತ್ತು. ಮೂರು ಗಂಟೆಗೆ ಬಕೆಟ್ ಹಿಡಿದು ನಮ್ಮ ಬಾಗಿಲಿಗೆ ಬರುತ್ತಿದ್ದುದು ಎರಡು ಪಿಂಪಿನ ಮನೆಯವರೇ. ಅಮ್ಮ ಕೊಡುತ್ತಿದ್ದರು, ಎರಡೇ ಚೊಂಬು.

ಈಗ ನಾನಿರುವ ಸೊಸೈಟಿಯಲ್ಲಿ ಇನ್ನೊಂದು ನೀರಿನ ಟಾಕಿ ಕಟ್ಟಿಸಬೇಕು ಅಂತ ಮೂರು ಮೀಟಿಂಗ್ ಆಗಿವೆ. ಏಪ್ರಿಲ್ ಬಂದರೆ ಟ್ಯಾಂಕರ್. ಗಚ್ಚಿಯ ಮೇಲಿನ ಹಳೇ ಟಾಕಿ ತುಂಬಿ ಹರಿದು, ಗೋಡೆಯ ಮೇಲೆ ಪಾಚಿ ಬೆಳೆದಿದೆ. ಅದರ ವಾಲ್ವ್ ಸರಿಮಾಡಿಸಿ ಅಂತ ನಾನು ಎದ್ದು ನಿಂತು ಹೇಳಿದೆ. ಯಾರೂ ತಲೆ ಎತ್ತಲಿಲ್ಲ. ಹೊಸದು ಕಟ್ಟುವುದಕ್ಕೆ ಎಲ್ಲರೂ ವರ್ಗಣಿ ಕೊಡುತ್ತಾರೆ. ಸೋರುವುದನ್ನು ನಿಲ್ಲಿಸಿ ಅಂದರೆ ಯಾರಿಗೂ ಪುರುಸೊತ್ತಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ.

ಇರಲಿ, ನಿಮ್ಮ ಮೇಲೂ ನನಗೊಂದು ಸಿಟ್ಟಿದೆ. ಮಗ ಉಸಿರು ಹಿಡಿಯುವ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದು ಬಿಟ್ಟಿದ್ದೀರಿ. ಇವತ್ತೇ ನಿಲ್ಲಿಸಿ. ಮಕ್ಕಳು ಮುಳುಗುವ ಮುಂಚೆ ಜೋರಾಗಿ ಬುಸುಬುಸು ಉಸಿರೆಳೆಯುತ್ತಾರೆ. ಅದರಿಂದ ಆಮ್ಲಜನಕ ಜಾಸ್ತಿಯಾಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಅಷ್ಟೇ. ‘ಉಸಿರು ಬೇಕು’ ಅಂತ ಮೈಗೆ ಹೇಳುವುದೇ ಅದು. ಆ ಎಚ್ಚರಿಕೆ ಬರುವ ಮೊದಲೇ ನೀರಿನಡಿಯಲ್ಲಿ ಪ್ರಜ್ಞೆ ತಪ್ಪಬಹುದು. ಚೆನ್ನಾಗಿ ಈಜುವವರೂ ಹೀಗೆ ಸತ್ತಿದ್ದಾರೆ. ಪೆಂಗ್ವಿನ್ನಿಗೂ ಇದೇನು ಆಟವಲ್ಲ. ಸುಮಾರು 27 ನಿಮಿಷ ಮುಳುಗಿ ಬಂದ ಒಂದು ಎಂಪರರ್ ಎದ್ದು ನಿಲ್ಲಲು ಆರು ನಿಮಿಷ ಹಿಡಿಯಿತು, ನಡೆಯಲು ಇನ್ನೂ ಇಪ್ಪತ್ತು. ಮತ್ತೆ ನೀರಿಗಿಳಿದದ್ದು ಎಂಟು ಗಂಟೆ ಕಳೆದ ಮೇಲೆ.

ಇನ್ನೊಂದು ಮಾತು. ರಾಣಿ ಬಾಗಿನಲ್ಲಿ ನೀವು ನೋಡಿದ್ದು ಎಂಪರರ್ ಅಲ್ಲ, ಪೆರು–ಚಿಲಿ ಕರಾವಳಿಯ ಹಂಬೋಲ್ಟ್ ಜಾತಿ. ಅವುಗಳ ಮುಳುಗು ಒಂದೆರಡು ನಿಮಿಷದ್ದು. ಇದನ್ನೂ ಮಗನಿಗೆ ಹೇಳಿ, ಅವನ ಪ್ರಶ್ನೆ ಅಷ್ಟು ಚೆನ್ನಾಗಿತ್ತು.

ಕೊಳದ ಬದಲು ಮನೆಯಲ್ಲೇ ಒಂದು ಕೆಲಸ ಮಾಡಿ. ಅವನನ್ನು ಕುರ್ಚಿಯಲ್ಲಿ ಕೂರಿಸಿ, ಐಸ್ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಣೆ, ಕಣ್ಣು, ಕೆನ್ನೆಯ ಮೇಲೆ ಅರ್ಧ ನಿಮಿಷ ಇಡಿ. ಮೂಗು ಮುಚ್ಚಬೇಡಿ. ನಿಮ್ಮ ಬೆರಳು ಅವನ ನಾಡಿಯ ಮೇಲಿರಲಿ. ತಣ್ಣನೆಯದು ಮುಖಕ್ಕೆ ತಾಗಿದರೆ ಮನುಷ್ಯರ ಹೃದಯವೂ ಸ್ವಲ್ಪ ನಿಧಾನವಾಗುತ್ತದೆ. ಗಡಿಯಾರ ನೋಡಿ ಬಡಿತ ಎಣಿಸುವ ಕೆಲಸ ಯಜಮಾನರಿಗೆ ಕೊಡಿ.