ಓದುಗರ ಪ್ರಶ್ನೆ, ನಮ್ಮ ಉತ್ತರ: ಆಲ್ಟೋ ಫ್ಲೂಟ್ ಕೈಗೆ ಬಂದ ಮೇಲೆ

ಪ್ರಶ್ನೆ: ಕೆಲವು ವರ್ಷಗಳಿಂದ ಫ್ಲೂಟ್ ನುಡಿಸುತ್ತಿದ್ದೇನೆ. ಈಗ ಆಲ್ಟೋ (ಮಾಮೂಲಿಗಿಂತ ದೊಡ್ಡ, ಕೆಳಗಿನ ಶ್ರುತಿಯ ಫ್ಲೂಟ್) ಸಿಕ್ಕಿದೆ. ಬೆರಳುಗಳು ಅವೇ, ಆದರೆ ಕೆಳಗಿನ ಸ್ವರ ಊದಿದರೆ ಮೇಲಿನ ಸ್ಥಾಯಿಗೆ ಹಾರುತ್ತದೆ, ಇಲ್ಲವೇ ಬರೀ ಬುಸ್ ಎನ್ನುತ್ತದೆ. ಏಕೆ?

ಉತ್ತರ: ಬೆರಳುಗಳು ಅವೇ ಆದರೂ ತುಟಿ ಬೇರೆ ಆಗಬೇಕು. ಮಾಮೂಲಿ ಫ್ಲೂಟಿನ ಕೊಳವೆಯ ಒಳಗಲ ಸುಮಾರು 19 ಮಿ.ಮೀ., ಆಲ್ಟೋದ್ದು 26ರ ಹತ್ತಿರ. ಉದ್ದ 67 ಸೆಂ.ಮೀ. ಬದಲು 86ರ ಆಸುಪಾಸು. ಊದುವ ರಂಧ್ರವೂ ದೊಡ್ಡದು, ಹಾಗಾಗಿ ತುಟಿಯಿಂದ ಹೊರಟ ಗಾಳಿ ಎದುರಂಚು ಮುಟ್ಟಲು ಹೆಚ್ಚು ದೂರ ಸಾಗಬೇಕು. ಸಣ್ಣ ಬಿರುಕಿನಿಂದ ರಭಸವಾಗಿ ಊದಿದರೆ ಸ್ವರ ಮೇಲಿನ ಸ್ಥಾಯಿಗೆ ಹಾರುತ್ತದೆ. ತುಟಿಯನ್ನು ತೀರಾ ಸಡಿಲ ಬಿಟ್ಟರೆ ಗಾಳಿ ಅಂಚಿಗೆ ತಾಗದೆ ಸೋರಿಹೋಗುತ್ತದೆ. ನಿಮಗೆ ಕೇಳುವ ಬುಸ್ ಅದೇ.

ಅಂಗೈಯನ್ನು ಬಾಯಿಯ ಮುಂದೆ ಒಂದು ಗೇಣು ದೂರದಲ್ಲಿ ಹಿಡಿದು ಊದಿ ನೋಡಿ. ಬಿಸಿ ಆರಿಸುವ ಉಫ್ ಅಲ್ಲ, ಕನ್ನಡಕದ ಗಾಜಿಗೆ ಬಿಡುವ ಹಾ ಕೂಡ ಅಲ್ಲ, ಎರಡರ ನಡುವಿನ ಉಸಿರು ಬೇಕು. ಎಡಗೈ ಸ್ವರಗಳಾದ ಬಿ, ಎ, ಜಿಯಿಂದ ಶುರುಮಾಡಿ ಒಂದೊಂದೇ ಬೆರಳು ಮುಚ್ಚುತ್ತಾ ಇಳಿಯಿರಿ. ಕೆಳಗೆ ಹೋದಂತೆ ಗಾಳಿಯ ವೇಗ ಇಳಿಯಬೇಕು, ಪ್ರಮಾಣ ಇಳಿಯಬಾರದು. ನಾಲಿಗೆಯಲ್ಲಿ "ತು" ಬದಲು "ದು" ಬಳಸಿ. ಇಷ್ಟು ದೊಡ್ಡ ಕೊಳವೆ ಬಾಯಿ ಬಿಡುವುದೇ ಸ್ವಲ್ಪ ತಡ. ಉಸಿರೂ ಬೇಗ ಖಾಲಿಯಾಗುತ್ತದೆ. ಫ್ಲೂಟಿನಲ್ಲಿ ಒಂದೇ ಉಸಿರಿಗೆ ಮುಗಿಯುತ್ತಿದ್ದ ಸಾಲಿಗೆ ಇಲ್ಲಿ ಎರಡು ಕಡೆ ಉಸಿರಿನ ಗುರುತು ಹಾಕಿಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ.

ಪ್ರಶ್ನೆ: ಆಲ್ಟೋಗೆ ಸ್ವರಲಿಪಿ ಬರೆದುಕೊಟ್ಟೆ. ಪಿಯಾನೋ ಜೊತೆ ನುಡಿಸಿದಾಗ ಒಂದೂ ಕೂಡಲಿಲ್ಲ. ನಾಲ್ಕು ಸ್ವರ ಕೆಳಗೇ ಬರೆದಿದ್ದೆನಲ್ಲ?

ಉತ್ತರ: ತಪ್ಪಾಗಿರುವುದು ಅಲ್ಲೇ. ವಾದ್ಯವೇ ಕೆಳಗೆ ಕೇಳಿಸುತ್ತದೆ, ನೀವೂ ಕೆಳಗಿಳಿಸಿದರೆ ಎರಡು ಸಲ ಇಳಿದಂತಾಯಿತು. ಆಲ್ಟೋ ಜಿ ಶ್ರುತಿಯ ವಾದ್ಯ. ಸಿ ಎಂದು ಬರೆದದ್ದನ್ನು ಷಡ್ಜ ಅಂದುಕೊಂಡರೆ ಕಿವಿಗೆ ಬೀಳುವುದು ಅದರ ಕೆಳಗಿನ ಪಂಚಮ. ಆದ್ದರಿಂದ ಪಿಯಾನೋದ ಸಿ ಬೇಕಾದಲ್ಲಿ ಆಲ್ಟೋದವರಿಗೆ ಮೇಲಿನ ಎಫ್ ಬರೆಯಬೇಕು. ಪಿಯಾನೋ ಸಿ ಮೇಜರ್‌ನಲ್ಲಿದ್ದರೆ ಆಲ್ಟೋ ಎಫ್ ಮೇಜರ್‌ನಲ್ಲಿ, ಪಿಯಾನೋ ಡಿ ಮೇಜರ್ ಆದರೆ ಆಲ್ಟೋ ಜಿ ಮೇಜರ್. ಸುಲಭದ ಗುರುತು: ಒಂದು ಶಾರ್ಪ್ (ಅರ್ಧ ಸ್ವರ ಏರಿಸುವ ಚಿಹ್ನೆ) ತೆಗೆಯಿರಿ, ತೆಗೆಯಲು ಇಲ್ಲದಿದ್ದರೆ ಒಂದು ಫ್ಲ್ಯಾಟ್ (ಅರ್ಧ ಸ್ವರ ಇಳಿಸುವ ಚಿಹ್ನೆ) ಸೇರಿಸಿ. ಅತಿ ಕೆಳಗಿನ ಸಿ ಕೇಳಿಸುವುದು 196 ಹರ್ಟ್ಸ್‌ನ ಜಿ ಆಗಿ, ಅಂದರೆ ಪಿಟೀಲಿನ ದಪ್ಪ ತಂತಿಯ ಸ್ವರ. ಅದಕ್ಕಿಂತ ಕೆಳಗೆ ಬರೆದರೆ ನುಡಿಸುವವರು ಪಾಪ ಏನು ಮಾಡಿಯಾರು?

ಪ್ರಶ್ನೆ: ಶ್ರುತಿ ಏರುತ್ತದೆಂದು ತಲೆಭಾಗವನ್ನು (ಊದುವ ರಂಧ್ರವಿರುವ ತುಂಡು) ಚೆನ್ನಾಗಿ ಹೊರಗೆಳೆದೆ. ಕೆಳಗಿನ ಸಿ ಸರಿಯಾಯಿತು, ನಡುವಿನ ಸಿ ಇಳಿದುಬಿಟ್ಟಿತು. ವಾದ್ಯ ಕೆಟ್ಟಿದೆಯೇ?

ಉತ್ತರ: ವಾದ್ಯ ಕೆಟ್ಟಿಲ್ಲ, ನೀವು ಹೆಚ್ಚು ಎಳೆದಿದ್ದೀರಿ. ಲೆಕ್ಕ ನೋಡಿ. ಕೆಳಗಿನ ಸಿಗೆ ಒಳಗೆ ಕಂಪಿಸುವ ಗಾಳಿಯ ಉದ್ದ ಸುಮಾರು 88 ಸೆಂ.ಮೀ. ನಡುವಿನ ಸಿಗೆ ಹೆಚ್ಚಿನ ರಂಧ್ರಗಳು ತೆರೆದಿರುವುದರಿಂದ ಸುಮಾರು 44 ಸೆಂ.ಮೀ. ತಲೆಭಾಗವನ್ನು 10 ಮಿ.ಮೀ. ಎಳೆದರೆ ಎರಡಕ್ಕೂ ಅಷ್ಟೇ ಉದ್ದ ಸೇರುತ್ತದೆ, ಆದರೆ ಗಿಡ್ಡ ಗಾಳಿಕಂಬಕ್ಕೆ ಪೆಟ್ಟು ಇಮ್ಮಡಿ: ಕೆಳಗಿನದು ಸುಮಾರು 20 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಇಳಿದರೆ ಮೇಲಿನದು 40ರ ಹತ್ತಿರ ಇಳಿಯುತ್ತದೆ. ಅದಕ್ಕೇ ಕೆಲವೇ ಮಿ.ಮೀ. ಎಳೆದು ಮಿಕ್ಕದ್ದನ್ನು ಗಾಳಿಯ ಕೋನದಿಂದ ಸರಿಪಡಿಸಿ. ಮೊದಲು ಕೊಳವೆ ಬೆಚ್ಚಗಾಗಲಿ. ತಣ್ಣಗಿದ್ದಾಗ ಶ್ರುತಿ ಇಳಿದೇ ಇರುತ್ತದೆ, ಆಗ ಹೊಂದಿಸಿದ್ದು ಆಮೇಲೆ ಏರುತ್ತದೆ. ಟ್ಯೂನರಿನಲ್ಲಿ ಎ ಬೇಕಾದರೆ ನಡುವಿನ ಡಿ ಬೆರಳಿಡಬೇಕು, ಆಗ ಎಡಗೈ ತೋರುಬೆರಳು ಎತ್ತಿರಲಿ. ಅದನ್ನು ಮುಚ್ಚಿಯೇ ಬಿಟ್ಟು "ಡಿ ಮಂಕಾಗಿದೆ" ಎನ್ನುವವರು ಬಹಳ.

ಪ್ರಶ್ನೆ: ಅತಿ ಕೆಳಗಿನ ಸಿ ಮಾತ್ರ ಹೊರಡುವುದಿಲ್ಲ. ತುಟಿಯ ದೋಷವೋ, ವಾದ್ಯದ್ದೋ?

ಉತ್ತರ: ಜಿಯಿಂದ ಎಫ್, ಇ, ಡಿ ಎಂದು ಮೆಲ್ಲಗೆ ಇಳಿಯಿರಿ. ಒಂದು ಸ್ವರದಲ್ಲಿ ನಾದ ತಟ್ಟನೆ ಸೊರಗಿದರೆ ಆ ಸ್ವರಕ್ಕಾಗಿ ಹೊಸದಾಗಿ ಮುಚ್ಚಿದ ಪ್ಯಾಡ್ (ಕೀಲಿಯ ಅಡಿಯಲ್ಲಿ ರಂಧ್ರ ಮುಚ್ಚುವ ಮೆತ್ತೆ) ಮೇಲೆ ಅನುಮಾನ. ಎಲ್ಲವೂ ಒಂದೇ ಸಮ ಸೊರಗಿದರೆ ಸೋರಿಕೆ ಇನ್ನೂ ಮೇಲಿದೆ. ಎರಡು ಸ್ವರಗಳನ್ನು ಬೇಗ ಬೇಗ ಅದಲುಬದಲು ನುಡಿಸಲು ಇರುವ ಟ್ರಿಲ್ ಕೀಲಿಗಳನ್ನೂ ನೋಡಬೇಕು. ಸಿಗರೇಟು ಸುತ್ತುವ ತೆಳು ಕಾಗದವನ್ನು 4 ಮಿ.ಮೀ. ಅಗಲದ ಪಟ್ಟಿಯಾಗಿ ಕತ್ತರಿಸಿ ಪ್ಯಾಡ್ ಅಡಿ ಇಟ್ಟು, ಕೀಲಿಯನ್ನು ಹಗುರವಾಗಿ ಒತ್ತಿ, ನಾಲ್ಕೂ ಕಡೆಯಿಂದ ಎಳೆದು ನೋಡಿ. ಒಂದು ಕಡೆ ಜಾರಿ ಬಂದರೆ ಪ್ಯಾಡ್ ಅಲ್ಲಿ ಕೂತಿಲ್ಲ. ಗಟ್ಟಿಯಾಗಿ ಒತ್ತಿದರೆ ಸೋರುವ ಪ್ಯಾಡೂ ಪಾಸಾಗಿಬಿಡುತ್ತದೆ, ನುಡಿಸುವಾಗಲೂ ಹಾಗೆ ಒತ್ತುವ ಚಟ ಹತ್ತುತ್ತದೆ. ಸರಿಪಡಿಸುವುದು ದುರಸ್ತಿಗಾರರ ಕೆಲಸ. ಪ್ಯಾಡ್ ಅಂಟುತ್ತಿದ್ದರೆ ಮಾತ್ರ ಅದೇ ಕಾಗದ ಇಟ್ಟು ಒತ್ತಿ, ಕೀಲಿ ಎತ್ತಿದ ಮೇಲೆ ಹೊರತೆಗೆಯಿರಿ. ಒತ್ತಿರುವಾಗಲೇ ಎಳೆದರೆ ಅಂಟಿದ ಪ್ಯಾಡಿನ ಪೊರೆ ಹರಿಯುತ್ತದೆ.

ಪ್ರಶ್ನೆ: ತಲೆಭಾಗ ನೇರವೋ, ಬಾಗಿದ್ದೋ?

ಉತ್ತರ: ಎಡಗೈ ಆರಾಮವಾಗಿ ಎಟುಕಿದರೆ ನೇರ. ಬಾಗಿದ್ದು ಭಾರವನ್ನು ಮೈಹತ್ತಿರ ತರುತ್ತದೆ, ಆದರೆ ತಿರುವಿನಲ್ಲಿ ತೇವ ನಿಲ್ಲುತ್ತದೆ ಮತ್ತು ಒರೆಸುವ ನೇರ ಕಡ್ಡಿ ಒಳಗೆ ಹೋಗುವುದಿಲ್ಲ. ದಾರ ಕಟ್ಟಿದ ಬಟ್ಟೆ ಬೇಕು.

ಪ್ರಶ್ನೆ: ಒಂದು ಸ್ವರಲಿಪಿಯಲ್ಲಿ "ಜಿ ಬಾಸ್ ಫ್ಲೂಟ್" ಎಂದಿದೆ. ಅದು ಯಾವುದು? ವಾದ್ಯವೃಂದದಲ್ಲಿ ಆಲ್ಟೋ ಕೇಳುವುದೇ ಇಲ್ಲವಲ್ಲ?

ಉತ್ತರ: ಅದು ಆಲ್ಟೋನೇ. ಇಂಗ್ಲೆಂಡಿನಲ್ಲಿ ಹಿಂದೆ ಹಾಗೆ ಕರೆಯುತ್ತಿದ್ದರು. ಇಂಗ್ಲಿಷ್ ಸಂಗೀತ ರಚನೆಕಾರ ಹೋಲ್ಸ್ಟ್ 1914–17ರಲ್ಲಿ ರಚಿಸಿದ "ದಿ ಪ್ಲಾನೆಟ್ಸ್" ಸ್ವರಲಿಪಿಯಲ್ಲೂ ಹಾಗೇ ಇದೆ. ನಿಜವಾದ ಬಾಸ್ ಫ್ಲೂಟ್ ಮಾಮೂಲಿಗಿಂತ ಒಂದು ಸ್ಥಾಯಿ ಕೆಳಗಿನದು. ಜರ್ಮನಿಯ ಫ್ಲೂಟ್ ತಯಾರಕ ಥಿಯೋಬಾಲ್ಡ್ ಬೋಮ್ 1850ರ ದಶಕದಲ್ಲಿ ಆಲ್ಟೋವನ್ನು ಈಗಿನ ರೂಪಕ್ಕೆ ತಂದರೂ ವಾದ್ಯವೃಂದದಲ್ಲಿ ಅದಕ್ಕೆ ಎದ್ದುಕಾಣುವ ಜಾಗ ಕೊಟ್ಟವರು ರಚನೆಕಾರರಾದ ರಾವೆಲ್ (1912) ಮತ್ತು ಸ್ಟ್ರಾವಿನ್ಸ್ಕಿ (1913).

ಕೇಳದಿರುವುದು ಬಹುಪಾಲು ಬರೆದವರ ತಪ್ಪು. ಆಲ್ಟೋದ ಸೊಗಸೆಲ್ಲ ಕೆಳಗಿನ ಒಂದೂವರೆ ಸ್ಥಾಯಿಯಲ್ಲಿದೆ, ಅಲ್ಲಿಯೇ ಅದರ ದನಿ ಮುಂದಕ್ಕೆ ಚಿಮ್ಮುವುದಿಲ್ಲ. ಕೊಂಬುಗಳು, ದಪ್ಪ ತಂತಿವಾದ್ಯಗಳು ಅದೇ ಎತ್ತರದಲ್ಲಿ ನುಡಿದರೆ ಮುಗಿಯಿತು. ಕೇಳಲೆಂದು ಮೂರನೇ ಸ್ಥಾಯಿಗೆ ಏರಿಸಿದರೆ ದನಿ ತೆಳುವಾಗುತ್ತದೆ. ಅದಕ್ಕೆ ಮಾಮೂಲಿ ಫ್ಲೂಟೇ ಸಾಕಿತ್ತು. ಗಿಟಾರ್, ಹಾರ್ಪ್‌ಗಳ ಜೊತೆ ಬರೆದು ನೋಡಿ: ಮೀಟಿದ ನಾದ ಕ್ಷಣದಲ್ಲಿ ಕರಗಿ ಜಾಗ ಬಿಡುತ್ತದೆ. ಜಪಾನಿನ ರಚನೆಕಾರ ತಕೆಮಿತ್ಸು 1981ರಲ್ಲಿ ಆಲ್ಟೋ, ಗಿಟಾರ್ ಎರಡಕ್ಕೇ ಒಂದು ಕೃತಿ ರಚಿಸಿದರು. ಮೈಕ್ ಇಡುವುದಾದರೆ ತುಟಿಯ ನೇರಕ್ಕೆ ಬೇಡ, ಉಸಿರೇ ಮೊದಲು ಕೇಳುತ್ತದೆ. ಸ್ವಲ್ಪ ಮೇಲಿನಿಂದ, ಬೆರಳುಗಳ ಕಡೆಗೆ ಮುಖ ಮಾಡಿಸಿ.