'ಏಕೆಂದರೆ' ಸೇರಿಸಿ ಓದಿದರೆ ಸಾಕಾಗುವುದಿಲ್ಲ

ಪ್ರಶ್ನೆ: ಅಕ್ಕೋರೇ, ನನ್ನ ಮಗಳು ಎಂಟನೇ ತರಗತಿ. ವಿಜ್ಞಾನದಲ್ಲಿ ಹೇಳಿಕೆ–ಕಾರಣದ ಪ್ರಶ್ನೆ ಬಂದರೆ ಎರಡೂ ಸರಿ ಅಂತ ಅವಳಿಗೆ ಗೊತ್ತಾಗುತ್ತದೆ. ಆದರೆ ಕಾರಣವು ಹೇಳಿಕೆಗೆ ಸರಿಯಾದ ವಿವರಣೆ ಹೌದೋ ಅಲ್ಲವೋ ಅನ್ನುವಲ್ಲಿ ಪ್ರತಿ ಸಲ ತಪ್ಪುತ್ತಾಳೆ. ನಡುವೆ 'ಏಕೆಂದರೆ' ಸೇರಿಸಿ ಓದು ಅಂತ ಟ್ಯೂಷನ್‌ನಲ್ಲಿ ಹೇಳಿದ್ದಾರೆ. ಹಾಗೆ ಮಾಡಿದರೂ ತಪ್ಪುತ್ತದೆ.
(ಒಬ್ಬ ತಾಯಿ, ಕುಮಟಾ)

ಇದೇ ಪ್ರಶ್ನೆ ನನಗೆ ಪ್ರತಿ ಪರೀಕ್ಷೆಯ ಮುಂಚೆ ಬರುತ್ತದೆ. ತಪ್ಪು ನಿಮ್ಮ ಮಗಳದ್ದಲ್ಲ, ತಾಯಿ. 'ಏಕೆಂದರೆ' ಸೇರಿಸಿ ಓದು ಅನ್ನುವುದು ಅರ್ಧ ಪಾಠ. ಅರ್ಧ ಹೇಳಿ ಮಕ್ಕಳನ್ನು ಪರೀಕ್ಷೆಗೆ ಕಳಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಇಂಥ ಪ್ರಶ್ನೆಯಲ್ಲಿ ಒಂದು ಹೇಳಿಕೆ, ಒಂದು ಕಾರಣ ಕೊಟ್ಟು ಸಾಮಾನ್ಯವಾಗಿ ನಾಲ್ಕು ಆಯ್ಕೆ ಇಡುತ್ತಾರೆ: ಒಂದು, ಎರಡೂ ಸರಿ, ಕಾರಣವು ಹೇಳಿಕೆಯನ್ನು ವಿವರಿಸುತ್ತದೆ; ಎರಡು, ಎರಡೂ ಸರಿ, ಆದರೆ ವಿವರಿಸುವುದಿಲ್ಲ; ಮೂರು, ಹೇಳಿಕೆ ಸರಿ, ಕಾರಣ ತಪ್ಪು; ನಾಲ್ಕು, ಹೇಳಿಕೆ ತಪ್ಪು, ಕಾರಣ ಸರಿ. ಈಗ ಇದನ್ನು ನೋಡಿ. ಹೇಳಿಕೆ: ಕಾರವಾರದ ಕಡಲ ದಂಡೆಯ ಕಬ್ಬಿಣದ ಗೇಟು ಶಿರಸಿಯ ಗೇಟಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಕಾರಣ: ತುಕ್ಕು ಹಿಡಿಯಲು ಆಮ್ಲಜನಕ ಮತ್ತು ನೀರು ಎರಡೂ ಬೇಕು.

ಎರಡೂ ಸರಿ. ನಡುವೆ 'ಏಕೆಂದರೆ' ಹಾಕಿ ಓದಿದರೆ ಕಿವಿಗೆ ಸರಾಗವಾಗಿಯೇ ಇದೆ. ಮಕ್ಕಳು ಮೊದಲ ಆಯ್ಕೆಗೆ ಗುರುತು ಹಾಕಿ ಮುಂದೆ ಹೋಗುತ್ತಾರೆ. ಅದು ತಪ್ಪು ಉತ್ತರ. ಆಮ್ಲಜನಕ ಶಿರಸಿಯಲ್ಲೂ ಇದೆ. ನೀರಿನ ಮಾತಂತೂ ಕೇಳುವುದೇ ಬೇಡ, ಅಲ್ಲಿಯ ಮಳೆಗಾಲ ನೋಡಿದವರಿಗೆ ಗೊತ್ತು. ಹಾಗಾದರೆ ಕಾರವಾರದಲ್ಲಿ 'ಬೇಗ' ಯಾಕೆ? ಈ ಕಾರಣ ಅದಕ್ಕೆ ಉತ್ತರ ಕೊಡುವುದೇ ಇಲ್ಲ. ಕಬ್ಬಿಣಕ್ಕೆ ತುಕ್ಕು ಯಾಕೆ ಬರುತ್ತದೆ ಅಂತ ಮಾತ್ರ ಹೇಳುತ್ತದೆ. 'ಬೇಗ'ಕ್ಕೆ ಕಾರಣ ಕಡಲ ಗಾಳಿಯಲ್ಲಿರುವ ಉಪ್ಪು. ಉಪ್ಪು ಸೇರಿದ ತೇವದಲ್ಲಿ ತುಕ್ಕಿನ ಕ್ರಿಯೆ ಜೋರಾಗುತ್ತದೆ. ಆದ್ದರಿಂದ ಇಲ್ಲಿ ಸರಿ ಉತ್ತರ ಎರಡನೇ ಆಯ್ಕೆ: ಎರಡೂ ಸರಿ, ಆದರೆ ಕಾರಣವು ಹೇಳಿಕೆಯನ್ನು ವಿವರಿಸುವುದಿಲ್ಲ.

ಈಗ ಕಾರಣವನ್ನು ಹಾಗೇ ಇಟ್ಟು ಹೇಳಿಕೆ ಮಾತ್ರ ಬದಲಿಸಿ: ಕಬ್ಬಿಣದ ಗೇಟಿಗೆ ಬಣ್ಣ ಬಳಿದು ತುಕ್ಕನ್ನು ತಡೆಯಬಹುದು. ಈಗ ಅದೇ ಕಾರಣ ಸರಿಯಾದ ವಿವರಣೆ. ಬಣ್ಣವು ಗಾಳಿ, ನೀರು ಎರಡನ್ನೂ ಕಬ್ಬಿಣಕ್ಕೆ ಮುಟ್ಟಗೊಡುವುದಿಲ್ಲ, ಅದಕ್ಕೇ ತುಕ್ಕು ಬರುವುದಿಲ್ಲ.

ಹಾಗಾಗಿ ಮಗಳಿಗೆ ಹೀಗೆ ಹೇಳಿ. ಹೇಳಿಕೆ ಓದು. 'ಯಾಕೆ' ಅನ್ನುವ ಪ್ರಶ್ನೆ ಅದರ ಯಾವ ಪದದ ಮೇಲೆ ಬೀಳುತ್ತದೆ ನೋಡು. ಆ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆ. ಆಮೇಲೆ ಕಾರಣ ಓದಿ, ಅದು ಗೆರೆ ಎಳೆದ ಪದಕ್ಕೇ ಉತ್ತರ ಕೊಡುತ್ತದೆಯಾ ಅಂತ ಕೇಳಿಕೋ. ಅನುಮಾನ ಉಳಿದರೆ ತಿರುಗಿಸಿ ಓದು: ಮೊದಲು ಕಾರಣ, ನಡುವೆ 'ಅದಕ್ಕೇ', ಕೊನೆಗೆ ಹೇಳಿಕೆ. "ತುಕ್ಕು ಹಿಡಿಯಲು ಆಮ್ಲಜನಕ, ನೀರು ಬೇಕು. ಅದಕ್ಕೇ ಕಾರವಾರದ ಗೇಟು ಶಿರಸಿಯ ಗೇಟಿಗಿಂತ ಬೇಗ ತುಕ್ಕು ಹಿಡಿಯುತ್ತದೆ." ಹೀಗೆ ಓದಿದಾಗ ಎಡವುತ್ತದೆ, ಅಲ್ವಾ? 'ಏಕೆಂದರೆ' ಮುಚ್ಚಿಟ್ಟಿದ್ದನ್ನು 'ಅದಕ್ಕೇ' ಹೊರಗೆ ಹಾಕುತ್ತದೆ.

ಇನ್ನೊಂದು. ಶಿರಸಿ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಕಾರವಾರದಲ್ಲಿ 100ಕ್ಕೆ. ಇದಕ್ಕೆ 'ಶಿರಸಿಯ ಹವೆ ಕಾರವಾರಕ್ಕಿಂತ ತಂಪು' ಅಂತ ಕಾರಣ ಕೊಟ್ಟರೆ ಮಕ್ಕಳು ಸುಮ್ನೆ ತಲೆಯಾಡಿಸುತ್ತಾರೆ. ತಂಪು ಇರುವುದು ನಿಜ. ಆದರೆ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಅನ್ನುವುದನ್ನು ನಿರ್ಧರಿಸುವುದು ಹವೆಯ ತಂಪಲ್ಲ, ಗಾಳಿಯ ಒತ್ತಡ. ಎತ್ತರದಲ್ಲಿ ಒತ್ತಡ ಕಡಿಮೆ.

ಅಭ್ಯಾಸಕ್ಕೆ ನೂರು ಪ್ರಶ್ನೆಗಳ ಪುಸ್ತಕ ತರಬೇಡಿ. ಒಂದು ಪಾಠದಿಂದ ಒಂದು ಮಾತು ತೆಗೆದು, ನಾಲ್ಕು ಆಯ್ಕೆಗೂ ಒಂದೊಂದು ಪ್ರಶ್ನೆಯನ್ನು ಅವಳೇ ಕಟ್ಟಲಿ. 'ಹಗಲು ಕಡಲಿನಿಂದ ನೆಲದ ಕಡೆಗೆ ಗಾಳಿ ಬೀಸುತ್ತದೆ' ತೆಗೆದುಕೊಳ್ಳಿ. 'ನೀರಿಗಿಂತ ನೆಲ ಬೇಗ ಕಾಯುತ್ತದೆ' ಅಂದರೆ ಸರಿಯಾದ ವಿವರಣೆ. 'ಕಡಲ ನೀರು ಉಪ್ಪು' ಅಂದರೆ ನಿಜ, ಆದರೆ ವಿವರಣೆ ಅಲ್ಲ. 'ನೆಲಕ್ಕಿಂತ ನೀರು ಬೇಗ ಕಾಯುತ್ತದೆ' ಅಂದರೆ ಕಾರಣವೇ ಸುಳ್ಳು. ನಾಲ್ಕನೆಯದನ್ನು ಅವಳೇ ಮಾಡಲಿ, ಹೇಳಿಕೆಯನ್ನು ಕೆಡಿಸಿ ಕಾರಣವನ್ನು ಸರಿ ಇಡಬೇಕು. ವಾರಕ್ಕೆ ಇಂಥ ಎರಡು ಮಾತು ಸಾಕು. ಪ್ರಶ್ನೆ ಕಟ್ಟಲು ಬಂದ ಮಗು ಪ್ರಶ್ನೆಗೆ ಹೆದರುವುದಿಲ್ಲ. ಇದನ್ನು ನಾನು ತರಗತಿಯಲ್ಲಿ ಕಣ್ಣಾರೆ ನೋಡಿದ್ದೇನೆ.

ಪ್ರಶ್ನೆ: ಗೊತ್ತಿಲ್ಲದಿದ್ದರೆ ಮೊದಲ ಆಯ್ಕೆ ಹಾಕು, ಜಾಸ್ತಿ ಸಲ ಅದೇ ಸರಿ ಇರುತ್ತದೆ ಅಂತಾರೆ. ನಿಜವೇ? (ಅಂಕೋಲಾ)

ಸುಳ್ಳು. ಪ್ರಶ್ನೆ ಪತ್ರಿಕೆ ಮಾಡುವಾಗ ನಾನು ಬೇಕಂತಲೇ ನಾಲ್ಕಕ್ಕೂ ಹಂಚುತ್ತೇನೆ.

ಪ್ರಶ್ನೆ: 'ಎಲ್ಲ', 'ಮಾತ್ರ' ಅಂತ ಇದ್ದರೆ ಆ ವಾಕ್ಯ ತಪ್ಪು ಅಂತ ಒಂದು ವಿಡಿಯೋದಲ್ಲಿ ಹೇಳಿದರು. (ಭಟ್ಕಳ)

ಇಂಥ ವಿಡಿಯೋ ಮಾಡುವವರು ಮಕ್ಕಳಿಗೆ ದ್ರೋಹ ಮಾಡುತ್ತಿದ್ದಾರೆ. 'ಎಲ್ಲ ಲೋಹಗಳೂ ಕೋಣೆಯ ಉಷ್ಣತೆಯಲ್ಲಿ ಘನ' ತಪ್ಪು, ಪಾದರಸ ದ್ರವ. 'ಎಲ್ಲ ಜೀವಿಗಳೂ ಜೀವಕೋಶಗಳಿಂದ ಆಗಿವೆ' ಸರಿ. ಎರಡರಲ್ಲೂ 'ಎಲ್ಲ' ಇದೆ. ಪಾಠ ಓದದೆ ಇದನ್ನು ಬಿಡಿಸುವ ಉಪಾಯ ಇಲ್ಲ.

ಪ್ರಶ್ನೆ: ನಾಲ್ಕು ಆಯ್ಕೆಗಳನ್ನು ಬಾಯಿಪಾಠ ಮಾಡಿಸಲೇ? (ಹೊನ್ನಾವರ)

ಬೇಡ. ಕ್ರಮ ಬದಲಾಗಬಹುದು. ಕೆಲವು ಪತ್ರಿಕೆಗಳಲ್ಲಿ 'ಎರಡೂ ತಪ್ಪು' ಅನ್ನುವ ಆಯ್ಕೆಯೂ ಇರುತ್ತದೆ.

ಪ್ರಶ್ನೆ: ಹೇಳಿಕೆ 'ಡಾಲ್ಫಿನ್ ಒಂದು ಮೀನು', ಕಾರಣ 'ಅದು ನೀರಿನಲ್ಲಿ ಬದುಕುತ್ತದೆ'. ಮಗ ಎರಡೂ ಸರಿ ಅಂತ ಬರೆದ. ನಮ್ಮ ಮನೆಯಲ್ಲಿ ಮೀನು ಅಂತಲೇ ಹೇಳುವುದು. ಅಂಕ ಕೊಡಬಹುದಿತ್ತಲ್ಲ? (ಕಾರವಾರ)

ಕೊಡಬಾರದು. ಮನೆಯಲ್ಲಿ ಹಾಗೆ ಕರೆಯಿರಿ, ಬೇಸರವಿಲ್ಲ. ಆದರೆ ಡಾಲ್ಫಿನ್ ಶ್ವಾಸಕೋಶದಿಂದ ಉಸಿರಾಡುತ್ತದೆ, ಮರಿಗೆ ಹಾಲೂಡಿಸುತ್ತದೆ. ಅದು ಸಸ್ತನಿ. ಹೇಳಿಕೆ ತಪ್ಪು, ಕಾರಣ ಸರಿ. ನಿಮ್ಮ ಮಗ ಕಾರಣದ ನಿಜ ನೋಡಿ ಹೇಳಿಕೆಯನ್ನೂ ನಂಬಿದ್ದಾನೆ. ಹೇಳಿಕೆ ಓದುವಾಗ ಕಾರಣವನ್ನು ಅಂಗೈಯಿಂದ ಮುಚ್ಚಲಿ. ಹೇಳಿಕೆ ಸರಿಯೋ ತಪ್ಪೋ ಅಂತ ಪಕ್ಕದಲ್ಲಿ ಗುರುತು ಹಾಕಿದ ಮೇಲೆಯೇ ಕೈ ತೆಗೆಯಲಿ.

ಪ್ರಶ್ನೆ: ಇದಕ್ಕೆ ಯಾವ ಗೈಡ್ ಒಳ್ಳೆಯದು? (ಸಿದ್ದಾಪುರ)

ಯಾವುದೂ ಬೇಡ. ಪಠ್ಯಪುಸ್ತಕ ಮತ್ತು ಒಂದು ಪೆನ್ಸಿಲ್ ಕೊಡಿ.