ಅಕ್ಕಿ ಹಸನು ಮಾಡುವ ಅಜ್ಜಿ ಎಲ್ಲಿ ಕೂರುತ್ತಾಳೆ ನೋಡಿ

ನೀವು ಕೊಪ್ಪಳದಲ್ಲಿದ್ದುಕೊಂಡು ಫ್ಲ್ಯಾಶ್ ಇಲ್ಲದೆ, ಬರೀ ಹಗಲು ಬೆಳಕಿನಲ್ಲಿ ಪೋರ್ಟ್ರೇಟ್ ತೆಗೆಯುತ್ತೀರಿ. ಆನೆಗೊಂದಿ, ಸಾಣಾಪುರ ಕೆರೆ, ಅಂಜನಾದ್ರಿಯ ಹಿನ್ನೆಲೆ ಎಲ್ಲ ಮುಗಿದಿದೆ, ಈಗ ಯಾವ ಫೋಟೊ ನೋಡಿದರೂ ಒಂದೇ ಥರ ಕಾಣುತ್ತಿದೆ, ಹೊಸ ಜಾಗ ಎಲ್ಲಿ ಹುಡುಕಲಿ, ಸ್ಫೂರ್ತಿ ಎಲ್ಲಿಂದ ತರಲಿ ಎಂದು ಕೇಳಿದ್ದೀರಿ. ನಾನು ಗಂಗಾವತಿಯವನು, ಹದಿನಾರು ವರ್ಷದಿಂದ ಇದೇ ಕಸುಬು. ನಿಮಗೆ ಈಗ ಆಗುತ್ತಿರುವುದು ನನಗೆ ಆರನೇ ವರ್ಷಕ್ಕೆ ಆಗಿತ್ತು. ಬಂಡೆಗಲ್ಲು, ಹೊಳೆ, ಸಂಜೆ ಬಿಸಿಲು, ಕೂದಲಿನ ಹಿಂದೆ ಚಿನ್ನದ ಅಂಚು. ಮುಖ ಮಾತ್ರ ಬೇರೆ ಬೇರೆ, ಫೋಟೊ ಒಂದೇ.

ಅದರಿಂದ ನಾನು ಹೊರಗೆ ಬಂದದ್ದು ಕ್ಯಾಮೆರಾ ಕೈಯಲ್ಲಿಲ್ಲದ ಒಂದು ದಿನ. ಕಾರಟಗಿ ಕಡೆ ಅಕ್ಕನ ಊರಿಗೆ ಹೋಗಿದ್ದೆ. ಅಕ್ಕನ ಅತ್ತೆ, ನಾವೆಲ್ಲ ಅಜ್ಜಿ ಅಂತಲೇ ಕರೆಯುವುದು, ತಲೆಬಾಗಿಲ ಹೊಸ್ತಿಲಿನಿಂದ ಒಂದು ಮೊಳ ಒಳಗೆ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಒಳಗೆ ಪಡಸಾಲೆಯಲ್ಲಿ ಫ್ಯಾನ್ ತಿರುಗುತ್ತಿತ್ತು. "ಒಳಗ ತಂಪೈತಲ್ಲಬೇ, ಇಲ್ಲ್ಯಾಕ ಕುಂತೀ?" ಅಂದೆ. "ಅಲ್ಲಿ ಕುಂತ್ರ ಹರಳು ಕಾಣಂಗಿಲ್ಲೋ ತಮ್ಮಾ. ಹೊರಗ ಕುಂತ್ರ ಕಣ್ಣು ಕುಕ್ಕತೈತಿ. ಹತ್ತು ಗಂಟೀತನ ಇಲ್ಲಿ ಚಲೋ ಬೆಳಕ, ಆಮ್ಯಾಲೆ ಹಿತ್ತಲ ಬಾಗ್ಲಿಗೆ ಹೊಕ್ಕೀನಿ" ಅಂದಳು.

ಆಗ ಅವಳ ಮುಖ ನೋಡಿದೆ. ಬೀದಿಯ ಆಚೆ ಎದುರು ಮನೆಯ ಸುಣ್ಣದ ಗೋಡೆಗೆ ಬಿಸಿಲು ಬಿದ್ದು, ಅಲ್ಲಿಂದ ಹೊರಳಿ ಬಾಗಿಲೊಳಗೆ ಬರುತ್ತಿತ್ತು. ಹಣೆಯ ಗೆರೆಗಳು ಒಂದೊಂದೂ ಎದ್ದು ಕಾಣುತ್ತಿದ್ದವು, ಆದರೆ ಯಾವುದೂ ಒರಟಾಗಿರಲಿಲ್ಲ. ಎರಡೂ ಕಣ್ಣಲ್ಲಿ ಬಾಗಿಲಿನ ಆಕಾರದ ಸಣ್ಣ ಬಿಳಿ ಚೌಕ. ಮೂಗುತಿಯ ಹರಳು ಮಿಂಚುತ್ತಿತ್ತು, ಅವಳ ಹಿಂದೆ ಪಡಸಾಲೆ ಪೂರ್ತಿ ಕತ್ತಲು. ಬೆಳಕು ಮೆತ್ತಗಾಗಲೆಂದು ನಾನು ದುಡ್ಡು ಕೊಟ್ಟು ಕೊಂಡ ಯಾವ ಸಾಫ್ಟ್‌ಬಾಕ್ಸೂ ಅಷ್ಟು ಚೆಂದದ ಬೆಳಕು ಕೊಟ್ಟಿರಲಿಲ್ಲ. ಐವತ್ತು ವರ್ಷ ಅದೇ ಮನೆಯಲ್ಲಿ ಬಾಳಿದ ಹೆಣ್ಣುಮಗಳಿಗೆ ಯಾವ ಗಂಟೆಗೆ ಯಾವ ಬಾಗಿಲು ಎಂಬುದು ಬಾಯಿಪಾಠವಾಗಿತ್ತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದೇ. ನಮ್ಮ ಸೀಮೆಯಲ್ಲಿ ಕಣ್ಣು ಸೂಕ್ಷ್ಮವಾಗಿ ಬೇಕಾಗುವ ಕೆಲಸ ಮಾಡುವವರು ಎಲ್ಲಿ ಕೂರುತ್ತಾರೆ ನೋಡುತ್ತಾ ಹೋಗಿ. ಟೇಲರ್ ತನ್ನ ಮಷೀನನ್ನು ಅಂಗಡಿಯ ಯಾವ ಮೂಲೆಗೆ ಹಾಕಿಕೊಂಡಿದ್ದಾನೆ? ಕ್ಷೌರದ ಅಂಗಡಿಯ ಕುರ್ಚಿ ಯಾವ ಕಡೆಗೆ ತಿರುಗಿದೆ? ಚಿನ್ನಬೆಳ್ಳಿ ಕೆಲಸದ ಪತ್ತಾರ ಎಲ್ಲಿ ಕೂತು ಬೆಸುಗೆ ಹಾಕುತ್ತಾನೆ, ಹೂ ಕಟ್ಟುವವಳು ಬೆಳಿಗ್ಗೆ ಎಲ್ಲಿ, ಮಧ್ಯಾಹ್ನ ಎಲ್ಲಿ? ಅವರೆಲ್ಲ ವರ್ಷಗಟ್ಟಲೆ ಬೆಳಕನ್ನು ಪರೀಕ್ಷೆ ಮಾಡಿ ಜಾಗ ಆರಿಸಿಕೊಂಡವರು.

ಮೊದಲು ಕಿನ್ನಾಳಕ್ಕೆ ಹೋಗಿ, ನಿಮಗೆ ಹತ್ತಿರವೇ ಇದೆ. ಅಲ್ಲಿಯ ಚಿತ್ರಗಾರರು ಹಗುರವಾದ ಪೊಳಕಿ ಮರದಲ್ಲಿ ಗೊಂಬೆ ಮಾಡಿ ಬಣ್ಣ ಬರೆಯುವುದನ್ನು ಜನ ಕ್ಯಾಮೆರಾ ಹಿಡಿದು ನೋಡಲು ಬರುತ್ತಾರೆ, ಗೊಂಬೆಯ ಫೋಟೊ ತೆಗೆದುಕೊಂಡು ಹೋಗುತ್ತಾರೆ. ನೀವು ಗೊಂಬೆಗೆ ಕಣ್ಣು ಬರೆಯುವ ಹೊತ್ತಿಗೆ ಬರೆಯುವವರ ಮುಖ ನೋಡಿ. ಉಸಿರು ಹಿಡಿದಿರುತ್ತಾರೆ, ತುಟಿ ಸ್ವಲ್ಪ ಒಳಗೆ ಎಳೆದುಕೊಂಡಿರುತ್ತಾರೆ. ಆ ಕ್ಷಣದ ಮುಖ ನೀವು "ಸ್ಮೈಲ್ ಪ್ಲೀಸ್" ಅಂದರೆ ಬರುವುದಿಲ್ಲ.

ಬಾಗಿಲ ಬೆಳಕಿನಲ್ಲಿ ಕ್ಯಾಮೆರಾ ಹೇಗೆ ಇಟ್ಟುಕೊಳ್ಳಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಾನು ಮೊದಮೊದಲು ಇಲ್ಲೇ ಎಡವಿದ್ದು. ಹಿನ್ನೆಲೆ ಕತ್ತಲಿದ್ದರೆ ಕ್ಯಾಮೆರಾ ಆ ಕತ್ತಲನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಎಕ್ಸ್‌ಪೋಶರ್ ಒಂದು ಸ್ಟಾಪ್ ಇಳಿಸಿ, ಅಂದರೆ ಕ್ಯಾಮೆರಾ ತೆಗೆದುಕೊಳ್ಳುವ ಬೆಳಕನ್ನು ಅರ್ಧ ಮಾಡಿ, ಅಥವಾ ಕೆನ್ನೆಯ ಮೇಲೆ ಸ್ಪಾಟ್ ಮೀಟರ್ (ಒಂದು ಚುಕ್ಕೆಯಷ್ಟು ಜಾಗದ ಬೆಳಕನ್ನು ಮಾತ್ರ ಅಳೆಯುವುದು) ಹಿಡಿದು ಮ್ಯಾನುಯಲ್‌ನಲ್ಲಿ ನಿಲ್ಲಿಸಿಬಿಡಿ. 50 ಎಂಎಂ ಲೆನ್ಸ್, ಎಫ್ 2 (ಲೆನ್ಸಿನ ಕಿಂಡಿ ಅಗಲವಾಗಿ ತೆರೆದು), ಐಎಸ್‌ಒ 400 (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) ನನಗೆ ಸಾಮಾನ್ಯವಾಗಿ ಸಾಲುತ್ತದೆ. ಕೂತವರನ್ನು ಹೊಸ್ತಿಲಿನಿಂದ ಒಂದು ಮೊಳಕ್ಕೆ ಕೂರಿಸುವುದಕ್ಕೂ ಎರಡು ಮಾರು ಒಳಗೆ ಕೂರಿಸುವುದಕ್ಕೂ ಬಹಳ ವ್ಯತ್ಯಾಸ. ಒಳಗೆ ಹೋದಷ್ಟೂ ಬೆಳಕು ಬೇಗ ಇಳಿಯುತ್ತದೆ, ಬಾಗಿಲು ಚಿಕ್ಕದಾದಂತೆ ಆಗಿ ನೆರಳು ಗಡುಸಾಗುತ್ತದೆ. ಜಾಗ ಹುಡುಕುವಾಗ ನನ್ನ ಬಳಿ ಬೇರೆ ಯಾವ ಉಪಕರಣವೂ ಇರುವುದಿಲ್ಲ. ಮುಷ್ಟಿ ಕಟ್ಟಿ ಮುಖದ ಎತ್ತರಕ್ಕೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗುತ್ತೇನೆ. ಗೆಣ್ಣುಗಳ ನಡುವಿನ ನೆರಳು ಎಲ್ಲಿ ಮೆತ್ತಗಾಗುತ್ತದೋ ಅಲ್ಲಿ ನಿಲ್ಲಿಸಿದರಾಯಿತು.

ಹಳೆಯ ಮಣ್ಣಿನ ಮಾಳಿಗೆ ಮನೆಗಳು ಇನ್ನೂ ಉಳಿದಿರುವ ಹಳ್ಳಿಗಳಲ್ಲಿ ಬೆಳಕಿಂಡಿ, ಅಂದರೆ ಮಾಳಿಗೆಯಲ್ಲಿ ಬೆಳಕಿಗೆಂದು ಬಿಟ್ಟ ಕಿಂಡಿ, ಎಲ್ಲಿದೆ ಎಂದು ಕೇಳಿ. ಅಡುಗೆಮನೆಯಲ್ಲಿ ಅದರಿಂದ ಬೀಳುವ ಬೆಳಕಿನ ಕೋಲು ಒಲೆಯ ಹೊಗೆಯಲ್ಲಿ ನಿಂತಿರುತ್ತದೆ. ನೇರ ಅದರ ಕೆಳಗೆ ಕೂರಿಸಿದರೆ ಕಣ್ಣು ಗುಳಿ ಬಿದ್ದಂತೆ ಕಾಣುತ್ತದೆ. ಒಂದು ಹೆಜ್ಜೆ ಹಿಂದೆ ಕೂರಿಸಿ, ಬೆಳಕು ಬಿದ್ದ ನೆಲದ ಮೇಲೆ ಒಂದು ಬಿಳಿ ಧೋತರ ಹಾಸಿ. ಊರ ಅಗಸಿಯೂ (ಊರಬಾಗಿಲು) ಅಷ್ಟೇ ಒಳ್ಳೆಯದು: ಮೇಲೆ ಕಮಾನು, ಎರಡೂ ಕಡೆ ಬಯಲು, ಮಧ್ಯಾಹ್ನ ಹನ್ನೆರಡಕ್ಕೂ ಕೆಲಸ ನಡೆಯುತ್ತದೆ. ರಾಯಚೂರಿನ ಹತ್ತಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಹೋದರೆ ಆ ಬಿಳಿ ರಾಶಿಗಳೇ ಬೆಳಕನ್ನು ಮುಖಕ್ಕೆ ಹೊರಳಿಸುವ ರಿಫ್ಲೆಕ್ಟರ್. ನಮ್ಮ ಗಂಗಾವತಿಯ ರೈಸ್ ಮಿಲ್ಲುಗಳಲ್ಲಿ ತೌಡಿನ ಧೂಳು ಬಿಸಿಲಿಗೆ ಹಿಡಿದ ಪರದೆಯಂತಿರುತ್ತದೆ. ಮಾಲೀಕರನ್ನು ಕೇಳಿಯೇ ಒಳಗೆ ಹೋಗಿ, ಲೆನ್ಸ್ ಮಾತ್ರ ಅಲ್ಲಿ ಬದಲಾಯಿಸಬೇಡಿ.

ನೆಲದ ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಸಿರುಗುಪ್ಪ ಕಡೆ ಒಬ್ಬ ರೈತರ ಮಕ್ಕಳು ತಂದೆಯ ಫೋಟೊವನ್ನು ಅವರ ಮೆಣಸಿನಕಾಯಿ ಕಣದಲ್ಲೇ ತೆಗೆಯಿರಿ ಎಂದು ಕರೆದಿದ್ದರು. ಹಾಸಿದ ಕೆಂಪು ಕಾಯಿ, ಬಿಳಿ ಅಂಗಿ, ಬಿಳಿ ಮೀಸೆ. ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಅದ್ಭುತವಾಗಿ ಕಂಡಿತು. ಮನೆಗೆ ಬಂದು ದೊಡ್ಡ ಪರದೆಯಲ್ಲಿ ತೆರೆದರೆ ಗದ್ದದ ಕೆಳಗೆ, ಮೂಗಿನ ಕೆಳಗೆ, ಕಣ್ಣಿನ ಬಿಳಿಭಾಗದಲ್ಲೂ ಕೆಂಪು. ಹಿರಿಯರಿಗೆ ಜ್ವರ ಬಂದಂತೆ ಕಾಣುತ್ತಿತ್ತು. ವೈಟ್ ಬ್ಯಾಲೆನ್ಸ್, ಅಂದರೆ ಇಡೀ ಫೋಟೊದ ಬಣ್ಣದ ಹೊಂದಾಣಿಕೆ, ತಿದ್ದಿದರೆ ಆಕಾಶ ಕೆಡುತ್ತಿತ್ತು, ಏಕೆಂದರೆ ಮೇಲಿನಿಂದ ಬರುವ ಬೆಳಕಿನ ಬಣ್ಣವೇ ಬೇರೆ, ನೆಲದಿಂದ ಏಳುವ ಬೆಳಕಿನ ಬಣ್ಣವೇ ಬೇರೆ. ಮರುವಾರ ನನ್ನ ಖರ್ಚಿನಲ್ಲೇ ಮತ್ತೆ ಹೋದೆ. ಈ ಸಲ ಅವರ ಕಾಲಿಗೂ ಕಾಯಿ ರಾಶಿಗೂ ನಡುವೆ, ಚೌಕಟ್ಟಿನೊಳಗೆ ಕಾಣದ ಹಾಗೆ, ಬಿಳಿ ಗೋಣಿಚೀಲಗಳನ್ನು ಬಿಚ್ಚಿ ಹಾಸಿದೆ. ಮುಖ ತಿಳಿಯಾಯಿತು, ಹಿಂದೆ ಕೆಂಪು ಹಾಗೇ ಉಳಿಯಿತು. ಸಂಡೂರಿನ ಕೆಂಪು ಮಣ್ಣಿನಲ್ಲೂ, ಹಸಿರು ಭತ್ತದ ಗದ್ದೆಯಲ್ಲೂ ಇದೇ ಪಾಡು. ಬಂಡೆಗಲ್ಲಿನ ನೆಲ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು, ನಮ್ಮ ಬೂದು ಗ್ರಾನೈಟ್ ಮುಖಕ್ಕೆ ಬಣ್ಣ ಬಳಿಯುವುದಿಲ್ಲ.

ಜಾಗ ಮುಗಿದಿದೆ ಅಂತ ನೀವು ಅನ್ನುವಾಗ ತಿಂಗಳು ಯಾವುದಿತ್ತು ಅಂತಲೂ ಯೋಚಿಸಿ. ಕೊಪ್ಪಳದ ಅಕ್ಷಾಂಶದಲ್ಲಿ ಮೇ ಆರಂಭದಿಂದ ಹೆಚ್ಚುಕಡಿಮೆ ಆಗಸ್ಟ್ ಎರಡನೇ ವಾರದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೇ ಇರುತ್ತಾನೆ. ಉಳಿದ ತಿಂಗಳುಗಳಲ್ಲಿ ಮಧ್ಯಾಹ್ನ ನೆರಳಿನಲ್ಲಿರುವ ಉತ್ತರ ಗೋಡೆಗೆ ಆಗ ಬಿಸಿಲು ಬೀಳುತ್ತದೆ. ಡಿಸೆಂಬರಿನಲ್ಲಿ ಅದೇ ಸೂರ್ಯ ದಕ್ಷಿಣಕ್ಕೆ ವಾಲಿ, ದಕ್ಷಿಣದ ಬಾಗಿಲೊಳಗೆ ಬಹಳ ದೂರ ನುಗ್ಗುತ್ತಾನೆ. ಹೀಗಾಗಿ ಒಂದೇ ಓಣಿ ಎರಡು ಜಾಗ. ತುಂಗಭದ್ರಾ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಸರಿದಾಗ ತೆರೆಯುವ ಬಯಲು ಮಳೆಗಾಲ ಹಿಡಿದ ಮೇಲೆ ಇರುವುದೇ ಇಲ್ಲ. ನಾನು ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. "ಬೇವಿನ ಕಟ್ಟೆ ಎದುರಿನ ಮನೆ, ಪೂರ್ವ ಬಾಗಿಲು, ಜನವರಿ, ನಾಲ್ಕರಿಂದ ಐದು, ಎದುರು ಗೋಡೆ ಹಳದಿ" ಎಂದು ಇಷ್ಟೇ ಬರೆಯುವುದು. ಫೋನಿನಲ್ಲಿ ತೆಗೆದ ಫೋಟೊ ಮರೆತುಹೋಗುತ್ತದೆ, ಬರೆದದ್ದು ಮರೆಯುವುದಿಲ್ಲ.

ಇನ್ನು ಸ್ಫೂರ್ತಿಯ ಮಾತು. ಇನ್‌ಸ್ಟಾಗ್ರಾಮ್ ನೋಡಿ ನೋಡಿಯೇ ನಮ್ಮ ಫೋಟೊಗಳೆಲ್ಲ ಒಂದೇ ಥರ ಆದದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ತೆಗೆದ ಕಪ್ಪುಬಿಳುಪು ಚಿತ್ರಗಳನ್ನು ಹುಡುಕಿ ನೋಡಿ, ಸಾಮಾನ್ಯ ಜನರವು, ಮಕ್ಕಳವು. ಒಂದು ಚಿತ್ರಕ್ಕೆ ಹತ್ತು ನಿಮಿಷ ಕೊಡಿ. ಬೆಳಕು ಯಾವ ಕಡೆಯಿಂದ ಬಂತು, ಅವರು ಎಷ್ಟು ಹತ್ತಿರ ನಿಂತಿದ್ದರು, ಆ ಮಗು ಅವರನ್ನು ಹೇಗೆ ನೋಡುತ್ತಿದೆ ಎಂದು ನೋಡಿ. ಆಮೇಲೆ ಇಟಗಿಗೆ ಹೋಗಿ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ, ಶಾಸನವೇ ಅದನ್ನು ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಅಲ್ಲಿ ಒಂದೇ ಒಂದು ಶಿಲ್ಪದ ಮುಖ ಆರಿಸಿಕೊಳ್ಳಿ. ಬೆಳಿಗ್ಗೆ ಏಳಕ್ಕೆ, ಹತ್ತಕ್ಕೆ, ಮಧ್ಯಾಹ್ನಕ್ಕೆ, ಸಂಜೆಗೆ ಅದೇ ಮುಖ ನೋಡಿ. ಮೂಗಿನ ನೆರಳು ಎತ್ತ ಬಿತ್ತು, ತುಟಿ ಯಾವಾಗ ನಕ್ಕಂತೆ ಕಂಡಿತು, ಯಾವಾಗ ಮುನಿದಂತೆ ಕಂಡಿತು. ಒಂದು ದಿನ ಪೂರ್ತಿ ನಾನು ಹಾಗೆ ಕಳೆದಿದ್ದೇನೆ, ಅವತ್ತು ಕಲಿತಷ್ಟು ಯಾವ ವರ್ಕ್‌ಶಾಪಿನಲ್ಲೂ ಕಲಿತಿಲ್ಲ.

ಹಿರೇಬೆಣಕಲ್ ಗುಡ್ಡದ ಮೇಲಿನ ಮೊರೇರ ಮನೆಗಳನ್ನೂ ನೋಡಿ ಬನ್ನಿ, ನೂರಾರು ಶಿಲಾಸಮಾಧಿಗಳು. ಆದರೆ ಅಲ್ಲಿ ಮಾಡೆಲ್‌ಗಳನ್ನು ಕಲ್ಲಿನ ಮೇಲೆ ಹತ್ತಿಸಬೇಡಿ. ಎರಡು ಸಾವಿರ ವರ್ಷಕ್ಕೂ ಹಿಂದಿನವರು ಸತ್ತವರಿಗಾಗಿ ಕಟ್ಟಿದ ಜಾಗ ಅದು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಬೇಕೆಂದರೆ ಮೊದಲೇ ಅನುಮತಿ ಬೇಕು, ಕೈಯಲ್ಲಿ ಹಿಡಿದು ತೆಗೆಯುವುದೇ ಸುಲಭ.

ಅಪರಿಚಿತರ ಮನೆ ಬಾಗಿಲಿಗೆ ಹೋಗಿ ಹೇಗೆ ಕೇಳುವುದು ಎಂಬ ಅಳುಕು ನಿಮಗಿರಬಹುದು. ಮೊದಲ ದಿನ ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯಬೇಡಿ, ಕಟ್ಟೆಯ ಮೇಲೆ ಕೂತು ಮಾತಾಡಿ, ಚಹಾ ಕೊಟ್ಟರೆ ಕುಡಿಯಿರಿ. ಫೋಟೊ ತೆಗೆಯಲು ದುಡ್ಡು ಕೊಡುವುದು ನನಗೆ ಸರಿ ಅನ್ನಿಸುವುದಿಲ್ಲ. ಪ್ರಿಂಟ್ ಹಾಕಿಸಿ ತಪ್ಪದೆ ತಲುಪಿಸುತ್ತೇನೆ, 8x12 ಇಂಚಿನದು, ಹೊಳಪಿಲ್ಲದ ಮ್ಯಾಟ್ ಕಾಗದದ ಮೇಲೆ.

ಕಾರಟಗಿಯ ಅಜ್ಜಿಯ ಫೋಟೊವನ್ನು ಮರುವಾರ ಅದೇ ಹೊಸ್ತಿಲಲ್ಲಿ ತೆಗೆದು, ಪ್ರಿಂಟ್ ಒಯ್ದು ಕೊಟ್ಟೆ. ಬಹಳ ಹೊತ್ತು ನೋಡಿದಳು. ಸೆರಗಿನಿಂದ ಒರೆಸಿ ಮತ್ತೆ ನೋಡಿದಳು. "ಸಿಂಧನೂರ ಕಡೆ ನನ್ನ ತಂಗಿ ಅದಾಳ. ಆಕಿ ಮನ್ಯಾಗ ದೊಡ್ಡ ಬೆಳಕಿಂಡಿ ಐತಿ, ಹೋಗಿ ಬಾ" ಎಂದು ಊರು, ಓಣಿ, ಮನೆಯ ಗುರುತು ಎಲ್ಲ ಹೇಳಿದಳು. ಹೋದೆ. ಆ ತಂಗಿ ತನ್ನ ಬೀಗರ ಮನೆಗೆ ಕಳಿಸಿದಳು. ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿ ನನ್ನ ನೋಟ್‌ಬುಕ್ ಈಗ ಮೂರನೆಯದು ನಡೆಯುತ್ತಿದೆ.